ಇಪ್ಪತ್ತು ತಲೆ ಇದ್ದರೆ ಬಸ್ಸು

ನಗು ಬರೋ ಸಂಗತಿಗಳೆಲ್ಲ ನನಗೆ ಎದೆ ಢವಢವ ಅನ್ನೋ ಹೊತ್ತಲ್ಲೇ ನಡೆಯುತ್ತವೆ. ಯಾಕೋ ಗೊತ್ತಿಲ್ಲ. ಆವತ್ತು ಅಳು ಬಂದಿರುತ್ತೆ, ತಿಂಗಳು ಕಳೆದ ಮೇಲೆ ಅದನ್ನೇ ಹೇಳಿ ಜಗಲಿ ಮೇಲೆ ಕೂತವರನ್ನೆಲ್ಲ ನಗಿಸ್ತೀನಿ. ನಮ್ಮೂರು ಮಧುಗಿರಿಗೂ ಶಿರಾಕ್ಕೂ ನಡುವೆ, ಮೇನ್ ರೋಡಿಂದ ಬಹಳ ಒಳಕ್ಕೆ. ಈಚೆಗೆ ನಮ್ಮ ಅಳು, ನಗು ಎರಡೂ ಒಂದು ಬಸ್ಸಿನ ಮೇಲೆ ನಿಂತುಬಿಟ್ಟಿವೆ. ನನಗೆ ಓದು ಬರಹ ಇಲ್ಲ. ನಾನು ಹೇಳಿದ್ದನ್ನು ಮೊಮ್ಮಗಳು ಬರೆದಿದ್ದಾಳೆ. ಎಲ್ಲಾದರೂ ಅಕ್ಷರ ಸೊಟ್ಟಗಿದ್ದರೆ ಅಲ್ಲಿ ಅವಳು ನಕ್ಕಿದ್ದಾಳೆ ಅಂತ ತಿಳ್ಕೊಳ್ಳಿ.

ಹಾರನ್ನು

ಗಾರ್ಮೆಂಟ್ಸ್ ಫ್ಯಾಕ್ಟರಿ ಬಸ್ಸು ದಿನಾ ಬೆಳಕು ಹರಿಯೋ ಮುಂಚೆ ನಮ್ಮೂರಿಗೆ ಬಂದು ಅರಳಿಕಟ್ಟೆ ಹತ್ತಿರ ಹಾರನ್ ಹೊಡೆಯುತ್ತೆ. ನನ್ನ ಸೊಸೆ ಅದರಲ್ಲಿ ಹೋಗ್ತಾಳೆ. ಮಗ ಬೈಕಿಂದ ಬಿದ್ದು ಕಾಲಿಗೆ ರಾಡು ಹಾಕಿಸ್ಕೊಂಡು ಮನೇಲಿದ್ದಾನೆ. ಹಾಗಾಗಿ ನಮ್ಮನೆ ಒಲೆ ಉರಿಯೋದು ಅವಳ ಸಂಬಳದಿಂದಲೇ. ಪಕ್ಕದ ಮನೆ ಬೀಬಮ್ಮನ ಸೊಸೆಯೂ ಅದೇ ಬಸ್ಸಿಗೆ. ಬೀಬಮ್ಮನೂ ನಾನೂ ಒಂದೇ ವಾರಿಗೆ, ಹಲ್ಲು ಉದುರಿದ್ದೂ ಹೆಚ್ಚು ಕಮ್ಮಿ ಒಟ್ಟಿಗೇ.

ಈ ಬಸ್ಸಿಗೊಂದು ಕಾನೂನು ಇದೆ. ಊರಿಂದ ಇಪ್ಪತ್ತು ಜನ ಹತ್ತಿದರೆ ಮಾತ್ರ ಒಳಗೆ ಬರುತ್ತೆ. ಕಮ್ಮಿಯಾದರೆ ಬರಲ್ಲ, ಕತ್ತಲಲ್ಲೇ ಮೇನ್ ರೋಡಿನವರೆಗೆ ನಡೆದುಹೋಗಿ ಕಾಯಬೇಕು. ಮಕ್ಕಳಿಗೆ ಬುತ್ತಿ ಕಟ್ಟಿ, ಗಂಡನಿಗೆ ಮಾತ್ರೆ ಕೊಟ್ಟು ಹೊರಡೋಳು ಅಷ್ಟು ದೂರ ನಡೆಯೋದೆಲ್ಲಿಂದ ಬಂತು? ಬಸ್ಸು ನಿಂತರೆ ಅವಳ ಕೆಲಸ ಹೋದಂಗೇ.

ಆದರೆ ಗಾರ್ಮೆಂಟ್ಸಲ್ಲಿ ಹುಡುಗೀರು ನಿಲ್ಲಲ್ಲ. ಒಬ್ಬಳಿಗೆ ಮದುವೆ, ಒಬ್ಬಳಿಗೆ ಬಸಿರು, ಒಬ್ಬಳಿಗೆ ಸೂಪರ್‌ವೈಸರ್ ಬೈದದ್ದು. ಅಲ್ಲಿನ ಮಾತು ಒಂದೇ: ‘ಟಾರ್ಗೆಟ್ ಮುಗೀದೆ ಯಾರೂ ಏಳಂಗಿಲ್ಲ.’ ನನ್ನ ಸೊಸೆ ಭಾನುವಾರ ಮಧ್ಯಾಹ್ನ ಮಲಗಿದಾಗ ನಿದ್ದೆಗಣ್ಣಲ್ಲಿ ಅದನ್ನೇ ಹೇಳ್ತಾಳೆ. ಪಾಪ, ಮಗ್ಗುಲಲ್ಲಿ ಮಲಗಿರೋ ನನ್ನ ಮಗ ಎದ್ದು ನೀರು ಕುಡಿಯೋಕೂ ಹೆದರ್ತಾನೆ.

ಹಾಗಾಗಿ ಕಟ್ಟೆ ಮೇಲೆ ಕೂತು ತಲೆ ಎಣಿಸೋದು ನನ್ನ ದಿನದ ಕೆಲಸ ಆಯ್ತು. ಯಾವ ಹುಡುಗಿ ಮುಖ ಸಪ್ಪಗಿದ್ದರೂ ಕರೆದು ಕಾರಣ ಕೇಳ್ತೀನಿ. ಮೊನ್ನೆ ಒಂದು ಹುಡುಗಿಯನ್ನು ನೋಡೋಕೆ ಗಂಡಿನ ಕಡೆಯವರು ಬಂದಿದ್ದರು. ಊರವರೆಲ್ಲ ಗಂಡಿಗೆ ಹೊಲ ಎಷ್ಟು, ಮನೆ ಹೆಂಗೆ ಅಂತ ಕೇಳಿದರು. ನಾನು ಕೇಳಿದ್ದು ಒಂದೇ. “ನಿಮ್ಮನೇಲಿ ನಮ್ಮೂರಿಗೆ ಕೊಡೋ ಹೆಣ್ಣು ಯಾವುದಾದ್ರೂ ಐತೇನಪ್ಪ? ಒಂದು ಸೀಟು ಖಾಲಿ ಮಾಡಿಸ್ತಿದೀರಿ.”

ಹೋದ ವಾರ ಏನು ಮಾಡಿದಿರಿ

ಒಂದು ದಿನ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದೆ. ಕೊರಟಗೆರೆ ಕಡೆಯ ಹುಡುಗಿಯೊಬ್ಬಳು ಕೈಯಲ್ಲಿ ಹಲಗೆಯಂಥ ಫೋನ್ ಹಿಡ್ಕೊಂಡು ಬಂದಳು. ದೇಶದಲ್ಲಿ ಯಾರ್ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಅಂತ ಸರ್ಕಾರ ಲೆಕ್ಕ ತೆಗೀತಿದೆಯಂತೆ. ನಾನು ಕುಟ್ಟೋದು ನಿಲ್ಲಿಸಿದೆ. ಕೆಲಸ ಇದೆ ಅಂದರೆ ರೇಷನ್ ಕಾರ್ಡು ಕಿತ್ಕೊಂಡರೆ? ಇಲ್ಲ ಅಂದರೆ ಇದ್ದ ಕೆಲಸವೂ ಹೋದರೆ?

“ಹೆದರ್ಬೇಡಿ ಅಜ್ಜಿ, ಬರೀ ಲೆಕ್ಕಕ್ಕೆ” ಅಂದಳು.

“ಲೆಕ್ಕಕ್ಕೇ ಕಣಮ್ಮ ನಂಗೆ ಹೆದರಿಕೆ. ಇಲ್ಲಿ ಒಂದು ತಲೆ ಲೆಕ್ಕ ತಪ್ಪಿದ್ರೆ ಬಸ್ಸೇ ಬರಾಕಿಲ್ಲ.”

ಮೊದಲು ಮಗನ ವಿಷಯ ಕೇಳಿದಳು. “ಅವರು ಈಗ ಕೆಲಸ ಹುಡುಕ್ತಿದಾರಾ?”

“ಎದ್ದು ಅವ್ನ ಚಪ್ಪಲಿ ಅವ್ನೇ ಹುಡುಕ್ಕೊಂಡ್ರೆ ಸಾಕಾಗೈತೆ ತಾಯಿ.”

ಆಮೇಲೆ ನನ್ನ ಸರದಿ. “ಹೋದ ವಾರ ಒಂದು ಗಂಟೆಯಾದರೂ ಕೆಲಸ ಮಾಡಿದಿರಾ ಅಜ್ಜಿ?”

ನಾನು ಹೇಳ್ತಾ ಹೋದೆ. ಕಸ, ಮುಸುರೆ, ಎರಡು ಹಸು, ಮಕ್ಕಳ ತಲೆ ಬಾಚೋದು, ಮಗನ ಸ್ನಾನ, ಈ ಹುಣಸೆಹಣ್ಣು. ಅವಳು ಒಂದೊಂದಕ್ಕೂ “ಸಂಬಳ?” ಅನ್ನೋಳು. ನಾನು “ಇಲ್ಲ” ಅನ್ನೋಳು. ಕೇಳ್ತಾ ಕೇಳ್ತಾ ಅವಳೂ ಕೂತು ನನ್ನ ಜೊತೆ ಹುಣಸೆಬೀಜ ಬಿಡಿಸೋಕೆ ಶುರು ಮಾಡಿದ್ದಳು.

“ಇನ್ನೊಂದು ಮರ್ತೇಬುಟ್ಟೆ. ಬೀಬಮ್ಮನ ಹೊಲಕ್ಕೆ ಕಳೆ ಕೀಳಾಕೆ ಹೋಗಿದ್ದೆ.”

“ಅದಕ್ಕೆ ಕೂಲಿ?”

“ಇಲ್ಲ. ಮುಯ್ಯಾಳು.”

ಅವಳಿಗೆ ಗೊತ್ತಿರಲಿಲ್ಲ. ವಿವರಿಸಿದೆ. ಇವತ್ತು ನಮ್ಮನೆಯಿಂದ ಒಂದಾಳು ಅವಳ ಹೊಲಕ್ಕೆ, ನಾಳೆ ಅವಳ ಮನೆಯಿಂದ ಒಂದಾಳು ನಮ್ಮ ಹೊಲಕ್ಕೆ. ಕಾಸು ಕೈ ಬದಲಾಯಿಸಲ್ಲ, ಆಳು ಬದಲಾಗುತ್ತೆ. ಇಂಥವಳೇ ಬರಬೇಕು ಅಂತಲೂ ಇಲ್ಲ. ನನಗೆ ಜ್ವರ ಬಂದರೆ ಸೊಸೆ ಹೋಗ್ತಾಳೆ, ಸೊಸೆಗೆ ಬಂದರೆ ನಾನು. ಮನೆಯಿಂದ ಒಂದಾಳು ಹೋಗಬೇಕು, ಅಷ್ಟೇ.

ಹುಡುಗಿ ಫೋನ್ ತಗೊಂಡು ಮೇಲಿನವರನ್ನು ಕೇಳಿದಳು. “ಸಾರ್, ಇಲ್ಲಿ ಅಜ್ಜಿ ಕೆಲಸ ಮಾಡಿದಾರೆ, ಕೂಲಿ ಇಲ್ಲ, ಆದರೆ ಬಿಟ್ಟಿಯೂ ಅಲ್ಲ. ಎಲ್ಲಿ ಹಾಕಲಿ?” ಆಮೇಲೆ ನನಗೂ ಕೇಳಿಸೋ ಹಂಗೆ ಗಂಡು ದನಿ ಬಂತು. “ನೀನು ಮುಂದಿನ ಮನೆಗೆ ಹೋಗಮ್ಮ.”

ಹೋಗೋ ಮುಂಚೆ ಕೇಳಿದೆ. “ನಿನ್ ಕೆಲ್ಸ ಪರ್ಮನೆಂಟಾ ಮಗ?”

“ಎಲ್ಲಿಂದ ಅಜ್ಜಿ? ಕಾಂಟ್ರಾಕ್ಟು.”

ಆ ದಿನದಿಂದ ಅವಳದೂ ಒಂದು ಚಿಂತೆ ನನ್ನ ತಲೆಗೆ ಸೇರ್ಕೊಂತು. ಕೆಲವು ತಿಂಗಳಾದ ಮೇಲೆ ಅದೇ ಪ್ರಶ್ನೆ ಹಿಡ್ಕೊಂಡು ಕನ್ನಡಕದ ಗಂಡಸು ಬಂದರು. “ಆ ಹುಡುಗಿ ಎಲ್ಲಪ್ಪ?” ಅಂದೆ. “ಅವರು ಬಿಟ್ಟು ಹೋದರು” ಅಂದರು.

“ಅವಳನ್ನ ಯಾವ ಕಡೆ ಬರ್ಕೊಂಡ್ರಿ? ಕೆಲ್ಸ ಇರೋರ ಕಡೆನಾ, ಇಲ್ದೋರ ಕಡೆನಾ?”

ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡು, “ಅಜ್ಜಿ, ಅವರು ಬಿಟ್ಟಿದ್ದಕ್ಕೇ ನನಗೆ ಕೆಲಸ ಸಿಕ್ಕಿದ್ದು. ನಿಮ್ಮ ಲೆಕ್ಕ ಹೇಳಿ” ಅಂದರು.

ಬಲಸಮುದ್ರದ ಕನ್ನಡಿ

ನಮ್ಮ ಬಸ್ಸಲ್ಲಿ ಒಬ್ಬಳು ಒಳ್ಳೆ ಟೈಲರ್ ಇದ್ದಳು. ತವರು ಪಾವಗಡದ ಬಲಸಮುದ್ರದ ಕಡೆ. ಅಲ್ಲಿ ಸೋಲಾರ್ ಹಲಗೆ ತೊಳೆಯೋ ಕೆಲಸಕ್ಕೆ ಇಲ್ಲಿಗಿಂತ ಸ್ವಲ್ಪ ಜಾಸ್ತಿ ಕೊಡ್ತಾರೆ ಅಂತ ಹೇಳದೆ ಕೇಳದೆ ಹೊರಟುಹೋದಳು. ಮಾರನೆ ದಿನ ಬಸ್ಸಿಗೆ ಹತ್ತೊಂಬತ್ತೇ ತಲೆ. ಡ್ರೈವರ್ ಒಳ್ಳೆಯವನು. “ಅಜ್ಜಿ, ಒಂದು ವಾರ ಸುಮ್ನಿರ್ತೀನಿ, ಆಮೇಲೆ ನನ್ ಕೆಲಸಕ್ಕೇ ಬತ್ತದೆ” ಅಂದ.

ನನಗೆ ಅನ್ನ ಇಳಿಯಲಿಲ್ಲ. ಅವಳ ತಾಯಿಗೆ ಫೋನ್ ಮಾಡಿಸಿದೆ. ಆಯಮ್ಮ ಆ ಕಡೆಯ ತೆಲುಗು ಕನ್ನಡ ಬೆರೆಸಿ ಮಾತಾಡೋಳು.

“ಏಮಮ್ಮಾ, ನಿಮ್ಮುಡುಗಿ ಚೆನ್ನಾಗವ್ಳಾ?” ಅಂದೆ.

“ಬಾಗುಂದಿ ಅಕ್ಕಾ. ಆದ್ರೆ ಒಬ್ಬೊಬ್ಳೇ ಮಾತಾಡ್ತಾಳೆ.”

ಮೂರ್ನಾಲ್ಕು ದಿನಕ್ಕೆ ಅವಳು ತಾನೇ ವಾಪಸ್ ಬಂದಳು, ಮುಖ ಬೆಂದ ಬದನೆಕಾಯಿ ಆಗಿತ್ತು. “ಅಜ್ಜೀ, ಎಲ್ಲಿ ನೋಡಿದ್ರೂ ಕನ್ನಡಿ ಇದ್ದಂಗೆ. ಈ ಸಾಲಲ್ಲಿ ನಾನು, ಎಲ್ಲೋ ಆ ಸಾಲಲ್ಲಿ ಇನ್ನೊಬ್ಳು. ಮಾತಾಡಾಕೆ ಒಂದು ನರಪಿಳ್ಳೆ ಇಲ್ಲ. ಕೊನೆಗೆ ಹಲಗೇಲಿ ಕಾಣೋ ನನ್ ಮುಖಕ್ಕೇ ಸೊಸೈಟಿ ಅಕ್ಕಿ ಬಂತಾ ಅಂತ ಕೇಳ್ಬುಟ್ಟೆ.”

ಫ್ಯಾಕ್ಟರಿಯವರು ಸೇರಿಸಿಕೊಂಡರು. ಆದರೆ ಹೊಸಬಳು ಅಂತ. ಹೊಸಬರ ಸಂಬಳ, ಹೊಸಬರ ಟ್ರೇನಿಂಗು. ಅವಳಿಗೆ ಕಲಿಸೋಕೆ ಕೂರಿಸಿದ್ದು ಯಾರನ್ನು? ಹೋದ ವರ್ಷ ಇವಳೇ ಕೈ ಹಿಡಿದು ಕಾಲರ್ ಹೊಲಿಯೋದು ಕಲಿಸಿದ್ದ ಹುಡುಗಿಯನ್ನು. ಆ ಹುಡುಗಿ ಮೆಲ್ಲಗೆ ಕಿವಿಯಲ್ಲಿ ಅಂದಳಂತೆ. “ಅಕ್ಕಾ, ಮೂಲೆ ತಿರುಗ್ಸೋದು ನಂಗೆ ಇನ್ನೂ ಸರಿಯಾಗಿ ಬರಾಕಿಲ್ಲ. ಒಂದ್ಸಲ ತೋರ್ಸ್ಕೊಡು, ಆಮೇಲೆ ನಿಂಗೆ ಕಲಿಸ್ತೀನಿ.”

ಎಲ್ಲರಿಗೂ ಜ್ವರ

ಶ್ರಾವಣದಲ್ಲಿ ಒಂದು ಸುದ್ದಿ ಹಬ್ಬಿತು. ಆರ್ಡರು ಕಮ್ಮಿಯಾಗಿದೆ, ಹೊಲಿಗೆ ಮಿಷನ್ನಿನ ಒಂದು ಲೈನೇ ಮುಚ್ತಾರಂತೆ. ಬಸ್ಸಿನ ಹುಡುಗೀರೆಲ್ಲ ನಮ್ಮ ಜಗಲಿ ಮೇಲೆ ಸೇರಿ ಕಣ್ಣೀರು ಹಾಕಿದರು. ಶುಕ್ರವಾರ ಗೊರವನಹಳ್ಳಿ ಲಕ್ಷ್ಮಮ್ಮನ ಹತ್ತಿರ ಹೋಗಿ, ಕೆಲಸ ಉಳಿಸು ತಾಯಿ ಅಂತ ಬೇಡಿಕೊಳ್ಳೋದು ಅಂತ ತೀರ್ಮಾನ ಆಯ್ತು. ಬೀಬಮ್ಮ, “ನೀವು ಅಲ್ಲಿ ಕೇಳಿ, ನಾನು ಶಿರಾದ ದರ್ಗಾದಾಗೆ ಕೇಳ್ತೀನಿ. ಎರಡು ಕಡೆ ಯೋಳಿದ್ರೆ ಒಂದು ಕಡೆಯಾದ್ರೂ ಮುಟ್ತದೆ” ಅಂದಳು.

ಶುಕ್ರವಾರ ರಜ ಕೊಡ್ತಾರೆಯೇ? ಎಲ್ಲರೂ ಫೋನ್ ಮಾಡಿ ಜ್ವರ ಅಂದರು. ಕೆಲಸ ಉಳಿಸು ಅಂತ ಕೇಳೋಕೆ ಕೆಲಸ ತಪ್ಪಿಸ್ಕೊಂಡು ಹೋಗ್ತಿದೀವಲ್ಲ ಅನ್ನೋದು ಕೊರಟಗೆರೆ ದಾಟೋವರೆಗೂ ನಮಗ್ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ ಎಲ್ಲರಿಗೂ ನಿಜವಾಗಿ ಮೈ ಬೆವರಿತು.

ದೇವಸ್ಥಾನದ ಸಾಲಲ್ಲಿ ನಿಂತಿದ್ವಿ. ಮುಂದೆ ಒಬ್ಬರು ಹೆಗಲ ಮೇಲೆ ಟವೆಲು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಕಣ್ಣು ಮುಚ್ಚಿ ಗೊಣಗ್ತಿದ್ದರು. “ಯಾರೂ ಬಿಡಬಾರದು ತಾಯಿ, ಈ ತಿಂಗಳೊಂದು ಯಾರೂ ಬಿಡಬಾರದು.” ನನ್ನ ಸೊಸೆ ನನ್ನ ಸೆರಗು ಹಿಡಿದು ಜಗ್ಗಿದಳು. “ಅತ್ತೇ, ನಮ್ ಎಚ್ಚಾರ್ ಸಾಹೇಬ್ರು!”

ಆಳು ಸೇರಿಸ್ಕೊಳ್ಳೋದು, ಬಿಟ್ಟುಹೋಗದ ಹಂಗೆ ನೋಡ್ಕೊಳ್ಳೋದು ಆ ಎಚ್ಚಾರ್ ಸಾಹೇಬರ ಕೆಲಸ. ಈ ವಾರ ಎಷ್ಟು ಜನ ಬಿಟ್ಟರು ಅಂತ ಮೇಲಿನವರು ಅವರನ್ನು ಶನಿವಾರ ಶನಿವಾರ ಬೈತಾರಂತೆ. ಅವರು ತಿರುಗಿದರು. ಹುಡುಗೀರನ್ನ ನೋಡಿದರು. ಹುಡುಗೀರು ಒಬ್ಬಳ ಹಿಂದೆ ಒಬ್ಬಳು ಸರಿದರು.

“ನಿಮಗೆಲ್ಲ ಜ್ವರ ಅಂತ ಫೋನ್ ಬಂದಿತ್ತು?”

ನಾನೇ ಧೈರ್ಯ ಮಾಡಿದೆ. “ಇವತ್ತು ಫ್ಯಾಕ್ಟ್ರಿ ಐತಲ್ಲ ಸಾರ್, ನೀವ್ಯಾಕೆ ಇಲ್ಲಿ?”

ಅವರು ಕೈಯಲ್ಲಿದ್ದ ತೆಂಗಿನಕಾಯಿ ನೋಡಿಕೊಂಡರು. ಹಿಂದೆ ಮುಂದೆ ನೋಡಿದರು. ಆಮೇಲೆ ಸಣ್ಣಗೆ ಅಂದರು. “ನನಗೂ ಸ್ವಲ್ಪ ಮೈ ಬಿಸಿ.”

ತಲೆ ಎಣಿಸು ಅಂದ್ರಿ

ಲೈನು ಮುಚ್ಚಲಿಲ್ಲ. ಆದರೆ ಬಸ್ಸಿನ ಕಾನೂನು ಬಿಗಿಯಾಯ್ತು. ಕಡ್ಲೆಕಾಯಿ ಕೀಳೋ ಕಾಲ. ಒಂದು ಶುಕ್ರವಾರ ಸಂಜೆ ಡ್ರೈವರ್ ಬಂದು, “ಅಜ್ಜೀ, ನಾಳೆ ಸಾಹೇಬ್ರೇ ಗೇಟಲ್ಲಿ ನಿಂತು ಊರೂರಿನ ತಲೆ ಎಣಿಸ್ತಾರೆ. ಇಪ್ಪತ್ತು ಇಲ್ಲ ಅಂದ್ರೆ ನಿಮ್ಮೂರ ಬಸ್ಸು ಕಟ್” ಅಂದ.

ಅದೇ ಸಂಜೆ ಹದವಾದ ಮಳೆ. ನೆಲ ಹಸಿ ಇರುವಾಗಲೇ ಕಡ್ಲೆಕಾಯಿ ಗಿಡ ಕಿತ್ತುಬಿಡಬೇಕು. ಒಣಗಿತು ಅಂದರೆ ಗಿಡ ಕೈಗೆ ಬರುತ್ತೆ, ಕಾಯಿ ಮಣ್ಣಲ್ಲೇ ಉಳಿಯುತ್ತೆ, ವರ್ಷದ ಬೆಳೆ ಹೋಯ್ತು. ಏಳು ಮನೆಯ ಹುಡುಗೀರು ಹೊಲಕ್ಕೆ ಇಳಿಯಲೇಬೇಕು. ನನ್ನ ಸೊಸೆಯೂ ಅದರಲ್ಲಿ ಒಬ್ಬಳು. ಹೊಲಕ್ಕೆ ಹೋದರೆ ಬಸ್ಸು ಹೋಯ್ತು, ಬಸ್ಸಿಗೆ ಹೋದರೆ ಹೊಲ ಹೋಯ್ತು. ಅವಳು ಗೋಡೆಗೊರಗಿ ಸುಮ್ಮನೆ ಕೂತುಬಿಟ್ಟಳು. ಬೈದರೂ ಪರವಾಗಿಲ್ಲ, ಹಾಗೆ ಸುಮ್ಮನೆ ಕೂತರೆ ನನಗೆ ತಡೆಯೋಕಾಗಲ್ಲ.

ಬೀಬಮ್ಮನ ಮನೆಗೆ ಹೋಗಿ ಅಂದೆ. “ಕೂತು ಕಳೆ ಕೀಳಬೋದು, ದಿನವೆಲ್ಲ ಬಗ್ಗಿ ಗಿಡ ಕೀಳಾಕೆ ನಮ್ ಕೈಲಾಗಾಕಿಲ್ಲ. ಬಸ್ಸಲ್ಲಿ ಕೂರಾಕೆ ಆಯ್ತದಲ್ಲ? ಮನೆಯಿಂದ ಒಂದಾಳು ಹೋದ್ರೆ ಆಯ್ತು.”

“ಅರೆ, ಹೌದಲ್ಲ ಅಕ್ಕಾ! ಮುಯ್ಯಾಳು!” ಅಂದಳು. ನಮಗೆ ಅದು ಎಷ್ಟು ಸರಿ ಅನಿಸಿತು ಅಂದರೆ, ತಪ್ಪು ಅಂತ ಹೇಳೋರು ಏಳು ಮನೆಯಲ್ಲಿ ಒಬ್ಬರೂ ಹುಟ್ಟಲಿಲ್ಲ.

ಬೆಳಗ್ಗೆ ಏಳು ಜನ ಅತ್ತೆಯರು ಸೊಸೆಯರ ಟ್ಯಾಗು ಕೊರಳಿಗೆ ಹಾಕ್ಕೊಂಡು, ಫ್ಯಾಕ್ಟರಿಯ ಸ್ಕಾರ್ಫು ತಲೆಗೆ, ಮಾಸ್ಕು ಬಾಯಿಗೆ ಕಟ್ಟಿ ಸಾಲಾಗಿ ಬಸ್ಸು ಹತ್ತಿದ್ವಿ. ಡ್ರೈವರ್ ಎಣಿಸಿದ, ಇಪ್ಪತ್ತು. ಒಂದು ಗಳಿಗೆ ನನ್ನ ಕಾಲಿನ ಹವಾಯಿ ಚಪ್ಪಲಿ ನೋಡಿದ. ಗೇರ್ ಹಾಕಿದ. ದಾರಿಯುದ್ದಕ್ಕೂ ನನ್ನ ಎದೆ ಬಸ್ಸಿನ ಇಂಜಿನ್ನಿಗಿಂತ ಜೋರಾಗಿ ಹೊಡ್ಕೊಂತಿತ್ತು.

ಗೇಟಲ್ಲಿ ಸಾಹೇಬರು ನಿಂತಿದ್ದರು. ಮೊದಲ ಹದಿಮೂರು ಹುಡುಗೀರು ಟಕಟಕ ಇಳಿದರು. ಆಮೇಲೆ ನಾನು. ಮೆಟ್ಟಿಲು ಎತ್ತರ, ಏಣಿ ಇಳಿಯೋ ಹಂಗೆ ಹಿಂದುಮುಂದಾಗಿ ಇಳಿದೆ. ನನ್ನ ಹಿಂದೆ ಬೀಬಮ್ಮ, ಒಂದೊಂದು ಮೆಟ್ಟಿಲಿಗೂ “ಯಾ ಅಲ್ಲಾ” ಅಂತ. ಸಾಹೇಬರ ಎಣಿಕೆ ನಿಂತುಹೋಯ್ತು. ನನ್ನ ಕೊರಳಲ್ಲಿದ್ದ ಟ್ಯಾಗಿನ ಫೋಟೋ ನೋಡಿದರು, ನನ್ನ ನೋಡಿದರು.

“ಮಾಸ್ಕ್ ತೆಗೀರಿ.”

ತೆಗೆದೆ. ಬಾಯಲ್ಲಿ ಹಲ್ಲಿಲ್ಲ, ಎಲೆ ಅಡಿಕೆ ಇತ್ತು.

ಸಾಹೇಬರು ಡ್ರೈವರ್ ಕಡೆ ತಿರುಗಿ ಕೂಗಿದರು. “ಏನಯ್ಯಾ ಇದು? ನೋಡಿ ಹತ್ತಿಸ್ಕೊಂಡು ಬಂದಿಯಾ?”

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ತಲೆ ಎಣಿಸು ಅಂದ್ರಿ ಸಾರ್. ಹಲ್ಲು ಎಣಿಸು ಅನ್ಲಿಲ್ಲ.”

ಮುಯ್ಯಿ

ನಾನು ಕೈಮುಗಿದು ಇದ್ದದ್ದು ಇದ್ದಂಗೆ ಹೇಳಿದೆ. ಹೊಲ, ಮಳೆ, ಸೊಸೆ ಗೋಡೆಗೊರಗಿ ಕೂತದ್ದು. “ಮೋಸ ಅಲ್ಲಪ್ಪ, ಮುಯ್ಯಾಳು. ಅವ್ಳ ಕೆಲ್ಸ ಕಳೀಬ್ಯಾಡಿ.”

ಸಾಹೇಬರು ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತರು. “ಅಜ್ಜಿ, ಎಲ್ಲರೂ ಹೇಳದೆ ಕೇಳದೆ ಬಿಟ್ಟುಹೋಗ್ತಾರೆ. ಬಿಡಬಾರದು ಅಂತ ಬದಲಿ ಆಳು ಕಳಿಸಿದ ಊರು ನಾನು ಕಂಡೇ ಇಲ್ಲ.” ಅಳ್ತಾರೆ ಅಂದ್ಕೊಂಡೆ. ನಗ್ತಿದ್ದರು. ನಮಗೆಲ್ಲ ಕ್ಯಾಂಟೀನಲ್ಲಿ ಟೀ ಕುಡಿಸಿದರು. ನಕ್ಕ ಮೇಲೆ ಮತ್ತೆ ಮುಖ ಸಣ್ಣದಾಯ್ತು. “ಸೋಮವಾರ ಆರ್ಡರ್ ಹೋಗಬೇಕು. ಅವತ್ತಾದರೂ ನಿಜವಾದ ಇಪ್ಪತ್ತು ಜನ ಬರ್ತಾರಾ? ಬರದಿದ್ರೆ ಬಸ್ಸೂ ಇಲ್ಲ, ನಾನೂ ಇರಲ್ಲ.”

“ಮಿಕ್ಕೋರ್ದು ಇವತ್ತೇ ಮುಗುದ್ರೂ ನಮ್ ಹೊಲ ಅರ್ಧ, ಬೀಬಮ್ಮಂದು ಪೂರ್ತಿ ಉಳೀತದೆ ಸಾರ್. ಭಾನುವಾರ ಮುಗುದ್ರೆ ಸೋಮವಾರ ಬತ್ತಾರೆ. ನಾವು ನಿಮ್ ಫ್ಯಾಕ್ಟ್ರಿಗೆ ಏಳು ಜನ ಬಂದ್ವಿ. ಮುಯ್ಯಿ ತೀರಿಸ್ಬೇಕಾದೋರು ಈಗ ನೀವು.”

ತಮಾಷೆಗೆ ಅಂದೆ ಅಂತ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮುಯ್ಯಿ ವಿಷಯದಲ್ಲಿ ನಾವು ತಮಾಷೆ ಮಾಡಲ್ಲ.

ಭಾನುವಾರ ಬೆಳಗ್ಗೆ ಬಸ್ಸು ಬಂತು. ಸಾಹೇಬರು, ಡ್ರೈವರ್, ನಾಲ್ಕು ಜನ ಸೂಪರ್‌ವೈಸರುಗಳು, ಗೇಟಿನ ವಾಚ್‌ಮನ್, ಎಣಿಸಿದಂಗೆ ಏಳು ಜನ. ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಹೊಲಕ್ಕಿಳಿದರು. ಮೊದಲ ಸಾಲು ಹಾಡು ಹೇಳ್ಕೊಂಡು ಕಿತ್ತರು. ಎರಡನೇ ಸಾಲಿಗೆ ಹಾಡು ನಿಂತಿತು. ಮೂರನೇ ಸಾಲಿಗೆ ಒಬ್ಬ ಸೂಪರ್‌ವೈಸರ್ ನೀರು ಕುಡಿದು ಬರ್ತೀನಿ ಅಂತ ಹೋದವನು ಹುಣಸೆಮರದ ಕೆಳಗೆ ಸಿಕ್ಕ. ನಾನು ಮಾತ್ರ ಉಳಿದ ಸಾಲು ಎಣಿಸ್ತಾ ಕೂತಿದ್ದೆ, ಇವತ್ತು ಮುಗಿಯದಿದ್ದರೆ ನಾಳೆ ಬಸ್ಸಿಲ್ಲ.

ಬಿಸಿಲು ಏರಿತು. ಸಾಹೇಬರು ಸೊಂಟ ಹಿಡಿದು ನೆಟ್ಟಗಾದರು, ಅಂಗೈ ಬೊಬ್ಬೆ ನೋಡಿಕೊಂಡರು. “ಅಜ್ಜಿ, ನನ್ನ ಕೈಲಿ ಆಗಲ್ಲ. ನಾನು ಹೊರಡ್ತೀನಿ.”

“ಅರ್ಧ ದಿನಕ್ಕೇನಾ ಸಾರ್? ಹುಡುಗೀರು ಯಾಕೆ ನಿಲ್ಲಲ್ಲ ಅಂತ ದೇವ್ರತ್ರ ಹೋಗಿ ಅಳ್ತಿದ್ದೋರು ನೀವೇ ತಾನೇ?” ಅಂದೆ.

“ಇದಕ್ಕೂ ಅದಕ್ಕೂ…” ಅಂತ ಏನೋ ಹೇಳೋಕೆ ಹೋದರು. ಬದುವಿನ ಮೇಲಿಟ್ಟಿದ್ದ ಚಪ್ಪಲಿ ಹುಡುಕೋಕೆ ಶುರು ಮಾಡಿದರು. ಎದ್ದವರನ್ನ ನೋಡಿ ಉಳಿದ ಆರು ಜನವೂ ಸೊಂಟ ನೆಟ್ಟಗೆ ಮಾಡಿದರು. ಆಯ್ತು, ಬಸ್ಸು ಹೋಯ್ತು ಅಂತ ನಾನು ಕಣ್ಣು ಮುಚ್ಚಿಕೊಂಡೆ.

ಆಗ ಮಜ್ಜಿಗೆ ಬಿಂದಿಗೆ ಹಿಡಿದು ಬದುವಿನ ಮೇಲೆ ನಿಂತಿದ್ದ ನನ್ನ ಸೊಸೆ, ಎಂದೂ ದೊಡ್ಡ ದನಿ ತೆಗೆಯದವಳು, ಸಾಹೇಬರ ಮುಖವನ್ನೂ ನೋಡದೆ, ನಿದ್ದೆಗಣ್ಣಲ್ಲಿ ಹೇಳ್ತಾಳಲ್ಲ, ಹಾಗೇ ತಣ್ಣಗೆ ಅಂದಳು.

“ಟಾರ್ಗೆಟ್ ಮುಗೀದೆ ಯಾರೂ ಏಳಂಗಿಲ್ಲ ಸಾರ್.”

ಮೊದಲು ಬಗ್ಗಿದ್ದು ಹುಣಸೆಮರದ ಕೆಳಗೆ ಸಿಕ್ಕಿದ ಆ ಸೂಪರ್‌ವೈಸರ್. ಆಮೇಲೆ ವಾಚ್‌ಮನ್. ಕೊನೆಗೆ ಸಾಹೇಬರು. ಹೊತ್ತು ಮುಳುಗೋ ಮುಂಚೆ ಎರಡೂ ಹೊಲ ಖಾಲಿ.

ಸೋಮವಾರ ಕತ್ತಲಲ್ಲಿ ಹಾರನ್ ಆಯ್ತು. ನಮ್ಮ ಹುಡುಗೀರು ಇಪ್ಪತ್ತು ಜನವೂ ಹತ್ತಿದರು. ಮಾಸ್ಕು ಹಾಕಿದ್ದ ಡ್ರೈವರ್ ಬೆರಳು ಮಡಚಿ ಎಣಿಸೋಕೆ ಹೋದ, ನಡುವೆ ಲೆಕ್ಕ ತಪ್ಪಿತು. ಮತ್ತೆ ಬಾಯಲ್ಲೇ ಎಣಿಸಿ ಮುಗಿಸಿ ನನ್ನ ಕಡೆ ನೋಡಿದ.

“ಅಜ್ಜೀ, ಸರಿಯಾಗಿ ಇಪ್ಪತ್ತು ಐತೆ. ಆದ್ರೆ ಆ ಕಡೆ ಏಳು ಜನ ಇವತ್ತು ಡ್ಯೂಟಿಗೆ ಬಂದಿಲ್ಲ. ಸಾಹೇಬ್ರಿಂದ ಹಿಡಿದು ವಾಚ್‌ಮನ್‌ವರೆಗೂ ಎಲ್ಲಾರ್ಗೂ ಜ್ವರ ಅಂತೆ.”

“ಎಣಿಸಿದ್ರೆ ಆರೇ ಆಗ್ತಾರಲ್ಲಪ್ಪ. ಏಳನೆಯೋನು ನೀನು, ಬಂದಿದೀಯಲ್ಲ?”

“ನಾನು ಬಂದಿಲ್ಲ ಅಜ್ಜಿ” ಅಂದ ಮಾಸ್ಕು ಕೆಳಗಿಳಿಸಿ. ನೋಡಿದರೆ ಬೇರೆ ಮುಖ, ಅವನ ಅಣ್ಣಂದು. “ಅವ್ನಿಗೂ ಏಳಾಕಾಗ್ಲಿಲ್ಲ. ಮನೆಯಿಂದ ಒಂದಾಳು ಬಂದ್ರೆ ಆಯ್ತಲ್ವಾ?”